ಹಿಂಬಾ ಹಟ್ಟಿಗೆ ಹೋಗುವ ಮುನ್ನ: ಗೈಡ್ ಹುಡುಕುವುದರಿಂದ ಹೊರಟು ಬರುವವರೆಗೆ

ನಮೀಬಿಯಾದ ದನಗಾಹಿ ಹಿಂಬಾ ಜನರ ಹಟ್ಟಿ ಇನ್ನೂ ನೂರು ಮಾರು ದೂರ ಇರುವಾಗಲೇ ನಮ್ಮ ಗೈಡ್ ಗಾಡಿ ನಿಲ್ಲಿಸಿಬಿಟ್ಟ. ‘ಯಾರೂ ಇಳಿಯಬೇಡಿ’ ಎಂದು ಹೇಳಿ ಒಬ್ಬನೇ ನಡೆದುಹೋದ. ಬೇಲಿಯ ಆಚೆ ವಯಸ್ಸಾದ ಹೆಂಗಸೊಬ್ಬರ ಎದುರು ಕುಕ್ಕರುಗಾಲಲ್ಲಿ ಕೂತು ಮಾತಾಡುತ್ತಿದ್ದದ್ದು ನಮಗೆ ಕಾಣುತ್ತಿತ್ತು. ಹದಿನೈದು ನಿಮಿಷವಾದರೂ ಏಳಲಿಲ್ಲ. ‘ದುಡ್ಡು ಕೊಟ್ಟಾಗಿದೆ, ಇನ್ನೇನು ಮಾತುಕತೆ?’ ಎಂದು ಹಿಂದಿನ ಸೀಟಿನಲ್ಲಿ ಗೊಣಗಾಟ ಶುರುವಾಯಿತು. ಕೊನೆಗೆ ಬಂದವನು ಸ್ಟೇರಿಂಗ್ ಹಿಡಿದು, ‘ಇಲ್ಲಿ ಇವತ್ತು ಬೇಡವಂತೆ. ನೆಂಟರಲ್ಲಿ ಸಾವಾಗಿದೆ’ ಎಂದು ಗಾಡಿ ತಿರುಗಿಸಿದ. ಮುಂದಿನ ಹಟ್ಟಿಗೆ ಇನ್ನೂ ಮುಕ್ಕಾಲು ಗಂಟೆ ಹಾದಿ.

ನಮಗೆ ಸಿಕ್ಕ ಗೈಡ್ ಒಳ್ಳೆಯವನು ಎಂಬುದು ನನಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ. ‘ಇವತ್ತು ಬೇಡ’ ಎನ್ನಲು ಆ ಮನೆಯವರಿಗೆ ಅವಕಾಶವಿತ್ತು, ಅವರು ಹಾಗೆಂದಾಗ ಅವನು ಆ ಮಾತಿಗೆ ಬೆಲೆ ಕೊಟ್ಟ. ಹಿಂಬಾ ಹಳ್ಳಿಯ ಭೇಟಿ ಮರ್ಯಾದೆಯದೋ ಅಲ್ಲವೋ ಎಂದು ಅಳೆಯಲು ನನ್ನ ಹತ್ತಿರ ಇರುವುದು ಇದೊಂದೇ ಅಳತೆಗೋಲು. ಕೆಳಗಿನ ಹೆಜ್ಜೆಗಳೆಲ್ಲ ಅದರ ಸುತ್ತಲೇ ಸುತ್ತುತ್ತವೆ.

ಹೊರಡುವ ಮೊದಲು: ಯಾರ ಮನೆಗೆ ಹೋಗುತ್ತಿದ್ದೀರಿ?

ಹಿಂಬಾ ಜನ ಇರುವುದು ನಮೀಬಿಯಾದ ವಾಯವ್ಯ ಮೂಲೆಯ ಕುನೇನೆ ಪ್ರಾಂತ್ಯದಲ್ಲಿ, ಮತ್ತು ಕುನೇನೆ ನದಿ ದಾಟಿದರೆ ಅಂಗೋಲಾದ ದಕ್ಷಿಣ ಅಂಚಿನಲ್ಲಿ. ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ನುಡಿ ಹೆರೆರೊ ಭಾಷೆಯದೇ ಒಂದು ಬಗೆ. ಬದುಕು ದನ, ಆಡು, ಕುರಿಗಳ ಮೇಲೆ ನಿಂತಿದೆ. ಒಂದು ಕುಟುಂಬದ ನೆಲೆಗೆ ‘ಒಂಗಾಂಡಾ’ ಎನ್ನುತ್ತಾರೆ: ನಡುವೆ ದನದ ದೊಡ್ಡಿ, ಸುತ್ತ ಗುಡಿಸಲುಗಳು, ಹೊರಗೆ ಕಡಿದ ಕೊಂಬೆಗಳ ಬೇಲಿ. ಊರು ಎಂದರೆ ನಮ್ಮ ಕಣ್ಣಿಗೆ ಬೀದಿ, ಚಾವಡಿ ಬರುತ್ತದೆ. ಇದು ಹಾಗಲ್ಲ. ಒಂದೇ ವಿಸ್ತಾರ ಕುಟುಂಬದ ಮನೆ. ಅದಕ್ಕೇ ನಾನು ಹಟ್ಟಿ ಎನ್ನುತ್ತಿದ್ದೇನೆ. ಚಿತ್ರದುರ್ಗದ ಕಡೆಯ ಗೊಲ್ಲರಹಟ್ಟಿ ನೋಡಿದವರಿಗೆ ಮುಳ್ಳುಬೇಲಿಯೂ ದೊಡ್ಡಿಯೂ ಎರಡೂ ಪರಿಚಿತ ಅನಿಸಿಯಾವು.

‘ಕಾಲವೇ ನಿಂತುಹೋದ ಜಾಗ’ ಎಂಬ ಪ್ರವಾಸಿ ಕಂಪನಿಗಳ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೊರಡಿ. 1980ರ ದಶಕದ ಆರಂಭದ ಬರದಲ್ಲಿ ಇವರ ಹತ್ತು ದನಗಳಲ್ಲಿ ಒಂಬತ್ತು ಸತ್ತವು ಎನ್ನುತ್ತಾರೆ. ಅಲ್ಲಿಂದ ಮತ್ತೆ ಹಿಂಡು ಕಟ್ಟಿಕೊಂಡವರು ಇವರು. 1990ರಲ್ಲಿ ನಮೀಬಿಯಾ ಸ್ವತಂತ್ರವಾದ ಮೇಲೆ ಎಪುಪಾ ಜಲಪಾತದ ಬಳಿ ದೊಡ್ಡ ಅಣೆಕಟ್ಟಿನ ಯೋಜನೆ ಬಂತು. ಪೂರ್ವಜರ ಸಮಾಧಿಗಳೂ ಹುಲ್ಲುಗಾವಲೂ ಮುಳುಗುತ್ತವೆ ಎಂದು ಎದ್ದು ನಿಂತ ಮುಖ್ಯಸ್ಥ ಹಿಕುಮಿನುಎ ಕಪಿಕಾ ಯುರೋಪಿನವರೆಗೂ ಹೋಗಿ ವಾದ ಮಂಡಿಸಿದರು. ಎಪುಪಾದಲ್ಲಿ ಅಣೆಕಟ್ಟು ಇವತ್ತಿಗೂ ಎದ್ದಿಲ್ಲ. ನೀವು ಕೂರಲಿರುವ ಚಾಪೆಯ ಆಚೆ ಕೂತವರು ಮೊಬೈಲ್ ಚಾರ್ಜ್ ಮಾಡಲು ಪೇಟೆಗೆ ಹೋಗುವವರು, ಮತ ಹಾಕುವವರು.

ಹೆಜ್ಜೆ 1: ಯಾವ ಬಗೆಯ ಭೇಟಿ ಎಂದು ತೀರ್ಮಾನಿಸಿ

ಮೂರು ದಾರಿಗಳಿವೆ. ಒಂದು, ಪ್ರವಾಸಿಗರಿಗೆಂದೇ ನಡೆಸುವ ಪ್ರದರ್ಶನದ ಹಳ್ಳಿ ಅಥವಾ ಜೀವಂತ ಸಂಗ್ರಹಾಲಯ. ಎರಡು, ಕುನೇನೆ ಪ್ರಾಂತ್ಯದ ಕೇಂದ್ರವಾದ ಒಪುವೊ ಪಟ್ಟಣದ ಸುತ್ತಮುತ್ತಲಿನ ಹಟ್ಟಿಗೆ ಅರ್ಧ ದಿನದ ಭೇಟಿ. ಮೂರು, ಎಪುಪಾ, ಪುರೋಸ್, ಮರೀನ್‌ಫ್ಲೂಸ್‌ನಂಥ ದೂರದ ಕಡೆ ತಂಗಿ, ಅಲ್ಲಿನವರ ಜೊತೆ ಹೋಗುವುದು.

‘ಅಸಲಿ’ ನೋಡಬೇಕು ಎನ್ನುವವರು ಮೊದಲನೆಯದನ್ನು ಮೂಗು ಮುರಿದು ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚೆನ್ನಾಗಿ ನಡೆಸುವ ಜೀವಂತ ಸಂಗ್ರಹಾಲಯದಲ್ಲಿ ಬಂದವರಿಗೆ ಬದುಕು ತೋರಿಸುವುದು ಅಲ್ಲಿನವರು ತಾವಾಗಿ ಒಪ್ಪಿಕೊಂಡ ಕೆಲಸ, ಕೆಲಸ ಮುಗಿದರೆ ಮನೆಗೆ ಹೋಗುತ್ತಾರೆ. ಯಾರ ಅಡುಗೆಮನೆಗೂ ನೀವು ನುಗ್ಗುವುದಿಲ್ಲ. ಮೊದಲ ಸಲ ಹೋಗುವವರು, ಪುಟ್ಟ ಮಕ್ಕಳಿರುವವರು, ಆರಕ್ಕಿಂತ ಹೆಚ್ಚು ಜನರ ಗುಂಪು ಇದನ್ನೇ ಆರಿಸಿಕೊಳ್ಳುವುದು ವಾಸಿ. ಕಾಸು ಯಾರ ಕೈ ಸೇರುತ್ತದೆ ಎಂಬುದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ.

ದೂರದ ಕಡೆಗೆ ಹೋಗುವುದಾದರೆ ‘ಕನ್ಸರ್ವೆನ್ಸಿ’ ಎಂಬ ಪದ ಎದುರಾಗುತ್ತದೆ. 1996ರ ಕಾನೂನು ತಿದ್ದುಪಡಿಯ ನಂತರ ನಮೀಬಿಯಾದಲ್ಲಿ ಸಮುದಾಯಗಳು ತಮ್ಮ ನೆಲದ ವನ್ಯಜೀವಿ ಮತ್ತು ಪ್ರವಾಸೋದ್ಯಮವನ್ನು ತಾವೇ ನೋಡಿಕೊಂಡು ಆದಾಯ ಪಡೆಯಬಹುದು. ಹಾಗೆ ನೋಡಿಕೊಳ್ಳುವ ಸಮುದಾಯದ ಸಂಘವೇ ಕನ್ಸರ್ವೆನ್ಸಿ. ಅದರ ಕ್ಯಾಂಪಿನಲ್ಲಿ ತಂಗಿದರೆ ನಿಮ್ಮ ದುಡ್ಡಿನ ಒಂದು ಪಾಲು ಅಲ್ಲಿಯೇ ಉಳಿಯುತ್ತದೆ.

ಹೆಜ್ಜೆ 2: ಕಾಲ, ದಾರಿ, ಗಾಡಿ

ಮೇಯಿಂದ ಅಕ್ಟೋಬರ್‌ವರೆಗೆ ಒಣಹವೆ. ಜನವರಿಯಿಂದ ಮಾರ್ಚ್ ನಡುವೆ ಮಳೆ ಬಂದರೆ ಒಣಗಿದ ಹೊಳೆಗಳು ಒಮ್ಮೆಲೇ ತುಂಬಿ ರಸ್ತೆ ಕಟ್ಟಿಹಾಕುತ್ತವೆ, ಸೊಳ್ಳೆಯೂ ಹೆಚ್ಚು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿಯೇ ಹೊರಡಿ. ಒಣಗಾಲದಲ್ಲಿ ಗಂಡಸರು ದನ ಹೊಡೆದುಕೊಂಡು ಮೇವು ನೀರು ಇರುವ ಕಡೆ ಹೋಗಿರುತ್ತಾರೆ, ಹಟ್ಟಿಯಲ್ಲಿ ಹೆಂಗಸರು, ಮಕ್ಕಳು, ಹಿರಿಯರೇ ಹೆಚ್ಚು. ‘ಗಂಡಸರೇ ಇಲ್ಲವಲ್ಲ’ ಎಂದು ಗೈಡ್‌ನನ್ನು ಪೀಡಿಸಬೇಡಿ.

ಬೆಂಗಳೂರಿನಿಂದ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ಗೆ ನೇರ ವಿಮಾನವಿಲ್ಲ. ಆಡಿಸ್ ಅಬಾಬಾ ಅಥವಾ ಜೊಹಾನ್ಸ್‌ಬರ್ಗ್ ಮೇಲೆ ಹೋಗಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ದೆಹಲಿಯ ನಮೀಬಿಯಾ ಹೈಕಮಿಷನ್ ಏನು ಹೇಳುತ್ತದೆಯೋ ಅದೇ ಅಂತಿಮ. ವಿಂಡ್‌ಹುಕ್‌ನಿಂದ ಒಪುವೊಗೆ ಸುಮಾರು 700 ಕಿ.ಮೀ., ಒಪುವೊದಿಂದ ಎಪುಪಾಗೆ ಇನ್ನೂ ಸುಮಾರು 180 ಕಿ.ಮೀ. ಜಲ್ಲಿ ರಸ್ತೆ. ನಮ್ಮಂತೆಯೇ ಎಡಗಡೆ ಓಡಿಸುತ್ತಾರೆ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಸ್ಟೆಪ್ನಿ ಎರಡು ಇರಲಿ, ಒಪುವೊದಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬೇಡಿ. ಕತ್ತಲಾದ ಮೇಲೆ ಆಡು, ದನ ರಸ್ತೆಯಲ್ಲೇ ಮಲಗಿರುತ್ತವೆ, ಗಾಡಿ ನಿಲ್ಲಿಸಿಬಿಡಿ. ನಮೀಬಿಯಾ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಒಂದೇ ಬೆಲೆ, ಎರಡೂ ನಡೆಯುತ್ತವೆ. ಚಿಲ್ಲರೆ ನೋಟು ಮಾತ್ರ ಸಾಕಷ್ಟು ಇಟ್ಟುಕೊಳ್ಳಿ. ಹಟ್ಟಿಯಲ್ಲಿ ದೊಡ್ಡ ನೋಟು ತೆಗೆದು ಬಾಕಿ ಕೇಳುವಷ್ಟು ಮುಜುಗರ ಇನ್ನೊಂದಿಲ್ಲ.

ಹೆಜ್ಜೆ 3: ಗೈಡ್ ಆರಿಸುವುದು

ಇಲ್ಲಿ ಅವಸರ ಬೇಡ. ಒಪುವೊಗೆ ಬಂದಿಳಿದ ಕೂಡಲೇ ಪೆಟ್ರೋಲ್ ಬಂಕಿನಲ್ಲೇ ನಾಲ್ಕು ಜನ ಮುತ್ತಿಕೊಳ್ಳುತ್ತಾರೆ. ಅವರಲ್ಲಿ ಒಳ್ಳೆಯವರೂ ಇರಬಹುದು. ಯಾರೇ ಸಿಗಲಿ, ಕೂತು ಚಹಾ ಕುಡಿಯುತ್ತ ಈ ಪ್ರಶ್ನೆಗಳನ್ನು ಕೇಳಿ:

- ನಿಮ್ಮ ಮನೆಮಾತು ಯಾವುದು? ಹಿಂಬಾ ಅಥವಾ ಹೆರೆರೊ ಮನೆಮಾತಿನವರೇ ಬೇಕು. ಇಲ್ಲದಿದ್ದರೆ ನಡುವೆ ಇನ್ನೊಬ್ಬ ಅನುವಾದಕ ಬರುತ್ತಾನೆ, ಮಾತಿನ ಅರ್ಧ ರುಚಿ ಅಲ್ಲೇ ಹೋಗುತ್ತದೆ.
- ಆ ಮನೆಯವರು ನಿಮಗೆ ಏನಾಗಬೇಕು? ಈ ತಿಂಗಳು ಎಷ್ಟು ಸಲ ಜನರನ್ನು ಕರೆದುಕೊಂಡು ಹೋಗಿದ್ದೀರಿ?
- ನಾನು ಕೊಡುವ ಹಣದಲ್ಲಿ ನಿಮ್ಮದೆಷ್ಟು, ಹಟ್ಟಿಯದೆಷ್ಟು? ಹಟ್ಟಿಯಲ್ಲಿ ಅದು ಯಾರ ಕೈಗೆ ಹೋಗುತ್ತದೆ?
- ಹೋದಾಗ ಅವರು ಬೇಡ ಅಂದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ‘ಇಲ್ಲ ಇಲ್ಲ, ಯಾವತ್ತೂ ಬೇಡ ಅನ್ನೋದಿಲ್ಲ’ ಎಂಬ ಉತ್ತರ ಬಂದರೆ ಚಹಾದ ದುಡ್ಡು ಕೊಟ್ಟು ಎದ್ದುಬಿಡಿ. ‘ಇನ್ನೊಂದು ಕಡೆ ಹೋಗೋಣ, ಇಲ್ಲವೇ ವಾಪಸ್ ಬರೋಣ’ ಎನ್ನುವವನು ನಿಮಗೆ ಬೇಕಾದವನು.

ಗೈಡ್ ಇಲ್ಲದೆ ಜಿಪಿಎಸ್ ನೋಡಿಕೊಂಡು ನೇರ ಹಟ್ಟಿಗೆ ಗಾಡಿ ನುಗ್ಗಿಸುವವರೂ ಇದ್ದಾರೆ. ನಿಮ್ಮ ಮನೆಯ ಹಜಾರಕ್ಕೆ ಯಾರೋ ಅಪರಿಚಿತರು ಕ್ಯಾಮೆರಾ ಹಿಡಿದು ಬಂದು ಕೂತರೆ ಹೇಗಿರುತ್ತದೋ ಇದೂ ಹಾಗೆಯೇ.

ಹೆಜ್ಜೆ 4: ಕೈಯಲ್ಲಿ ಏನು ಒಯ್ಯಬೇಕು

ಬರಿಗೈಲಿ ಹೋಗುವ ರೂಢಿಯಿಲ್ಲ. ಗೈಡ್‌ನನ್ನೇ ಜೊತೆಗೆ ಕರೆದುಕೊಂಡು ಒಪುವೊದ ಸೂಪರ್‌ಮಾರ್ಕೆಟ್‌ಗೆ ಹೋಗಿ. ಮೆಕ್ಕೆಜೋಳದ ಹಿಟ್ಟಿನ ದೊಡ್ಡ ಚೀಲ, ಸಕ್ಕರೆ, ಅಡುಗೆ ಎಣ್ಣೆ, ಚಹಾಪುಡಿ, ಬೆಂಕಿಪೊಟ್ಟಣ. ಎಷ್ಟು ಒಲೆ ಉರಿಯುವ ಹಟ್ಟಿ ಎಂದು ಕೇಳಿ ಅದಕ್ಕೆ ತಕ್ಕಂತೆ ಕೊಳ್ಳಿ. ಹಿರಿಯರಿಗೆ ನಶ್ಯ, ತಂಬಾಕು ಕೊಡುವ ವಾಡಿಕೆಯುಂಟು, ಕೊಡಬೇಕೋ ಬೇಡವೋ ನಿಮಗೇ ಬಿಟ್ಟದ್ದು. ಹೆಂಡ ಮಾತ್ರ ಖಂಡಿತ ಬೇಡ. ಮಕ್ಕಳಿಗೆ ಮಿಠಾಯಿ ಹಂಚುವುದೂ ಬೇಡ. ಗಾಡಿಯ ಹಿಂದೆ ಕೈ ಚಾಚಿ ಓಡುವುದನ್ನು ಮಕ್ಕಳಿಗೆ ಕಲಿಸಿದ್ದು ನಮ್ಮಂಥ ಪ್ರವಾಸಿಗರೇ. ಹಳೇ ಬಟ್ಟೆಯ ಗಂಟು ಒಯ್ಯುವ ಯೋಚನೆ ಇದ್ದರೆ ಅದನ್ನೂ ಬಿಡಿ.

ಆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಬಿಲ್ಲಿನ ಸರದಿಯಲ್ಲಿ ನೆಲ ಗುಡಿಸುವ ನೆರಿಗೆ ಲಂಗ, ದನದ ಕೊಂಬಿನಂತೆ ಎರಡೂ ಕಡೆ ಚಾಚಿದ ಬಟ್ಟೆಯ ಮುಂಡಾಸು ತೊಟ್ಟ ಹೆರೆರೊ ಹೆಂಗಸು. ಅವರ ಹಿಂದೆ ಮೈಗೆಲ್ಲ ಕೆಮ್ಮಣ್ಣು ಬಳಿದ, ಚರ್ಮದ ಪುಟ್ಟ ಲಂಗದ ಹಿಂಬಾ ಹೆಂಗಸು, ಬೆನ್ನಿಗೆ ಮಗು. ಅವರು ಬಿಟ್ಟುಹೋದ ಟ್ರಾಲಿಯ ಹಿಡಿಕೆ ಮುಟ್ಟಿದೆ, ನನ್ನ ಬೆರಳು ಕೆಂಪಾಯಿತು. ಸಾಮಾನು ಹಿಡಿದು ಅದೇ ಸರದಿಯಲ್ಲಿ ನಿಂತಿದ್ದ ನಾನೂ ಅವರಂತೆ ಒಬ್ಬ ಗಿರಾಕಿ, ಅಷ್ಟೆ.

ಹೆಜ್ಜೆ 5: ಒಳಗೆ ಕಾಲಿಡುವುದು

ಮೊಣಕಾಲು ಮುಚ್ಚುವ ಸಾದಾ ಬಟ್ಟೆ ಹಾಕಿಕೊಳ್ಳಿ. ಕಲೆಯಾದರೂ ಚಿಂತೆಯಿಲ್ಲ ಎನ್ನುವಂಥದ್ದೇ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ. ಎದೆ ಮುಚ್ಚದಿರುವುದು ಅಲ್ಲಿಯ ಹೆಂಗಸರಿಗೆ ತೀರ ಸಾಮಾನ್ಯ, ನೀವು ದಿಟ್ಟಿಸದಿದ್ದರೆ ಐದೇ ನಿಮಿಷದಲ್ಲಿ ನಿಮಗೂ ಸಾಮಾನ್ಯವಾಗುತ್ತದೆ.

ಗೈಡ್ ಕರೆದ ಮೇಲೆಯೇ ಇಳಿಯಿರಿ. ಮೊದಲ ನಮಸ್ಕಾರ ಅಲ್ಲಿನ ಹಿರಿಯರಿಗೆ. ‘ಮೋರೊ’ ಎಂದರೆ ನಮಸ್ಕಾರ. ಆಮೇಲೆ ‘ಪೆರಿವಿ?’, ಹೇಗಿದ್ದೀರಿ ಎಂದು. ‘ನಾವಾ’, ಚೆನ್ನಾಗಿದ್ದೇವೆ. ನಮ್ಮ ಕಿವಿಗೆ ‘ನಾವಾ?’ ಎಂದು ಕೇಳಿಸಿ ಮೊದಲ ಸಲ ನಗು ಬರುತ್ತದೆ. ಧನ್ಯವಾದಕ್ಕೆ ‘ಒಕುಹೆಪಾ’. ಈ ನಾಲ್ಕು ಮಾತು ಬಾಯಿಪಾಠವಾಗಿದ್ದರೆ ಸಾಕು, ನಿಮ್ಮ ಉಚ್ಚಾರಣೆಗೆ ಮಕ್ಕಳು ನಕ್ಕೇ ನಗುತ್ತಾರೆ, ಅಲ್ಲಿಂದ ಬಿಗುಮಾನ ಸಡಿಲುತ್ತದೆ.

ಇನ್ನು ಈ ಇಡೀ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಅದು ಇದು. ಹಟ್ಟಿಯ ಯಜಮಾನರ ಗುಡಿಸಲಿನ ಬಾಗಿಲಿಗೂ ದನದ ದೊಡ್ಡಿಯ ಬಾಯಿಗೂ ನಡುವೆ ‘ಓಕುರುವೊ’ ಇರುತ್ತದೆ, ಪವಿತ್ರ ಬೆಂಕಿ. ಪೂರ್ವಜರ ಜೊತೆ, ಅವರ ಮೂಲಕ ದೇವರಾದ ಮುಕುರು ಜೊತೆ ಮಾತಾಡುವ ಜಾಗ ಅದು. ಮಗುವಿಗೆ ಹೆಸರಿಡುವುದು, ಮದುವೆ, ಕಾಯಿಲೆ, ಸಾವು, ಎಲ್ಲಕ್ಕೂ ಅಲ್ಲಿಯೇ ಕೂರುತ್ತಾರೆ. ಗುಡಿಸಲು, ಬೆಂಕಿ, ದೊಡ್ಡಿ ಈ ಮೂರನ್ನು ಸೇರಿಸುವ ಕಾಣದ ಗೆರೆಯನ್ನು ಹೊರಗಿನವರು ದಾಟುವಂತಿಲ್ಲ.

ಗೆರೆ ಕಾಣುವುದಿಲ್ಲ ಎಂಬುದಕ್ಕಿಂತ ದೊಡ್ಡ ತೊಂದರೆ, ಬೆಂಕಿಯೂ ಬೆಂಕಿಯಂತೆ ಕಾಣುವುದಿಲ್ಲ. ಧಗಧಗ ಉರಿಯುವ ಯಜ್ಞಕುಂಡ ಹುಡುಕಿದರೆ ಸಿಗದು. ನಾನು ಕಂಡದ್ದು ನಾಲ್ಕು ಕಲ್ಲು, ಒಂದು ಹಿಡಿ ಬೂದಿ, ಮೋಪಾನೆ ಮರದ ಅರೆಸುಟ್ಟ ಕೊರಡು, ಹಗ್ಗದಷ್ಟು ತೆಳು ಹೊಗೆ. ನಿನ್ನೆ ರಾತ್ರಿ ಅಡುಗೆ ಮಾಡಿದ ಒಲೆ ಎಂದುಕೊಂಡು ನಮ್ಮಲ್ಲೊಬ್ಬರು ಕರುವಿನ ಫೋಟೊ ತೆಗೆಯಲು ನೇರ ಹೆಜ್ಜೆ ಹಾಕಿದರು. ಗೈಡ್ ತೋಳು ಹಿಡಿದು ನಿಲ್ಲಿಸದೇ ಇದ್ದಿದ್ದರೆ ದಾಟಿಯೇಬಿಡುತ್ತಿದ್ದರು. ಆದ್ದರಿಂದ ಬಂದ ಕೂಡಲೇ ಗೈಡ್‌ನನ್ನು ಕೇಳಿ: ಬೆಂಕಿ ಎಲ್ಲಿದೆ, ದೊಡ್ಡಿಯ ಬಾಯಿ ಯಾವ ಕಡೆ, ನಾವು ಯಾವ ಬದಿಯಿಂದ ಸುತ್ತಬೇಕು? ಆ ಮೇಲೆ ಅವನ ಹಿಂದೆಯೇ ನಡೆಯಿರಿ. ಅಲ್ಲಿಯ ಕಲ್ಲು, ಕೊರಡಿನ ಮೇಲೆ ಕೂರುವುದು, ಬೂದಿ ಮುಟ್ಟುವುದು ಸಲ್ಲದು. ಹಟ್ಟಿಯ ಆಚೆ ದನದ ಕೊಂಬುಗಳನ್ನಿಟ್ಟ ಜಾಗ ಕಂಡರೆ ಅದು ಸಮಾಧಿ, ದೂರದಿಂದಲೇ ನೋಡಿ.

ಹೆಜ್ಜೆ 6: ಕೂತು ಮಾತಾಡುವುದು

ಬೆಳಿಗ್ಗೆ ಬೇಗ ಹೋದರೆ ಹಾಲು ಕರೆಯುವುದು, ಬೆಣ್ಣೆ ತೆಗೆಯುವುದು ಕಾಣಸಿಗುತ್ತದೆ. ಸೋರೆಬುರುಡೆಗೆ ಹಾಲು ತುಂಬಿ ತೂಗುಹಾಕಿ ಹಿಂದೆ ಮುಂದೆ ತೂಗುತ್ತಾರೆ. ಕಡಗೋಲು ಹಿಡಿದು ಬೆಳೆದವರಿಗೆ ಆ ಗುಳುಗುಳು ಸದ್ದು ಕೇಳಿಯೇ ಬೆಣ್ಣೆ ಬಂತೋ ಇಲ್ಲವೋ ಗೊತ್ತಾಗುತ್ತದೆ. ಗುಡಿಸಲಿನ ಗೋಡೆ ಮೋಪಾನೆ ಗಳುಗಳ ಮೇಲೆ ಮಣ್ಣು, ಸಗಣಿ ಮೆತ್ತಿದ್ದು. ಆ ವಾಸನೆ ನಮಗೆ ಹೊಸದಲ್ಲ, ಮೂಗು ಮುಚ್ಚಿಕೊಳ್ಳುವ ಯುರೋಪಿನವರ ಪಕ್ಕದಲ್ಲಿ ನಮಗದು ಒಂದು ಅನುಕೂಲವೇ.

ಮೈಗೆ ಬಳಿಯುವ ಕೆಂಪಿಗೆ ‘ಒಚೀಜೆ’ ಎನ್ನುತ್ತಾರೆ. ಕಬ್ಬಿಣದಂಶದ ಕೆಂಗಲ್ಲನ್ನು ಕುಟ್ಟಿ, ನುಣ್ಣಗೆ ಅರೆದು, ಬೆಣ್ಣೆಕೊಬ್ಬಿನಲ್ಲಿ ಕಲಸಿ, ಕಾಮಿಫೊರಾ ಜಾತಿಯ ಗಿಡದ ಪರಿಮಳದ ಅಂಟು ಸೇರಿಸುತ್ತಾರೆ. ನಮ್ಮ ಗುಗ್ಗುಳವೂ ಅದೇ ಜಾತಿಯದು. ಅದಕ್ಕೇ ಗುಡಿಸಲಿನೊಳಗೆ ಹೆಂಗಸರು ಕೆಂಡದ ಮೇಲೆ ಗಿಡಮೂಲಿಕೆ ಹಾಕಿ, ಹೊಗೆ ಮೈಗೆ ಹಿಡಿಸುವಾಗ ಎಲ್ಲೋ ದೇವಸ್ಥಾನದ ನೆನಪು ಬರುತ್ತದೆ. ‘ನೀರಿಲ್ಲದ್ದಕ್ಕೆ ಹೀಗೆ ಮಾಡುತ್ತಾರೆ, ಪಾಪ’ ಎಂಬ ವ್ಯಾಖ್ಯಾನ ಬೇಡ. ಅದು ಅವರ ಅಲಂಕಾರ, ಅವರ ಚೆಲುವು. ಬಿಸಿಲಿಗೂ ರಕ್ಷಣೆ. ನಿಮ್ಮ ಮುಂಗೈಗೆ ಸ್ವಲ್ಪ ಬಳಿಯಲು ಬಂದರೆ ಕೈ ಚಾಚಿ. ಆ ಕೆಂಪು ಬಣ್ಣ ಬಟ್ಟೆಗೆ ತಾಗಿದರೆ ಬಿಡುವುದಿಲ್ಲ, ಕಲೆಯಾದರೂ ಚಿಂತೆಯಿಲ್ಲದ ಬಟ್ಟೆ ಎಂದದ್ದು ಅದಕ್ಕೆ.

ತಲೆ ನೋಡಿದರೆ ಬದುಕಿನ ಹಂತ ತಿಳಿಯುತ್ತದೆ. ಚಿಕ್ಕ ಹುಡುಗಿಯರಿಗೆ ಹಣೆಯ ಕಡೆ ಚಾಚಿದ ಎರಡು ಜಡೆ, ಮದುವೆಯಾದವರ ನೆತ್ತಿಯ ಮೇಲೆ ‘ಎರೆಂಬೆ’ ಎಂಬ ತೊಗಲಿನ ಮುಕುಟ. ತಲೆ, ಜಡೆ, ಒಡವೆ ಕೇಳದೆ ಮುಟ್ಟಬೇಡಿ.

ಕೇಳಲು ಒಳ್ಳೆಯ ಪ್ರಶ್ನೆ ಬೇಕೆಂದರೆ ಕುಲದ ಬಗ್ಗೆ ಕೇಳಿ. ಪ್ರತಿಯೊಬ್ಬರಿಗೂ ಎರಡು ಕುಲ: ಅಪ್ಪನ ಕಡೆಯಿಂದ ‘ಒರುಜೊ’, ಅಮ್ಮನ ಕಡೆಯಿಂದ ‘ಎಯಾಂಡಾ’. ಪವಿತ್ರ ಬೆಂಕಿ, ಮನೆತನದ ಯಜಮಾನಿಕೆ, ಯಾವ ಬಣ್ಣದ ದನ ಸಾಕಬಾರದು ಎಂಬ ಕಟ್ಟಳೆ ಎಲ್ಲ ಅಪ್ಪನ ಸಾಲಿನದು. ದನಗಳ ಆಸ್ತಿ ಮಾತ್ರ ಬಹುಪಾಲು ತಾಯಿಯ ಸಾಲಿನಲ್ಲಿ, ಸೋದರಮಾವನಿಂದ ಸೋದರಳಿಯನಿಗೆ. ಕರಾವಳಿಯ ಅಳಿಯಸಂತಾನ ಕಟ್ಟು ಕೇಳಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆಯೂ ಹೀಗೊಂದು ಪದ್ಧತಿ ಇತ್ತು ಎಂದು ಗೈಡ್ ಮೂಲಕ ಹೇಳಿಸಿದಾಗ ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಮುಂದೆ ಬಾಗಿ ಕೂತರು.

ಪ್ರಶ್ನೆ ಕೇಳಲು ಅವರಿಗೂ ಸಮಯ ಬಿಡಿ. ನನಗೆ ಬಂದ ಮೊದಲ ಪ್ರಶ್ನೆ: ‘ನಿನಗೆ ದನ ಎಷ್ಟಿವೆ?’ ಒಂದೂ ಇಲ್ಲ ಎಂದೆ. ಅವರ ಮುಖದಲ್ಲಿ ನಿಜವಾದ ಮರುಕ ಕಂಡಿತು.

ಹುಳಿಹಾಲು ಕೊಡಬಹುದು. ಅದಕ್ಕೆ ‘ಒಮಾಯೆರೆ’ ಎನ್ನುತ್ತಾರೆ, ರುಚಿ ಗಟ್ಟಿ ಮಜ್ಜಿಗೆಯನ್ನು ಹೋಲುತ್ತದೆ. ಹೊಟ್ಟೆ ಸೂಕ್ಷ್ಮ ಎನ್ನುವವರು ಎರಡೂ ಕೈಯಲ್ಲಿ ತೆಗೆದುಕೊಂಡು, ಗೈಡ್‌ಗೆ ಹೇಳಿ ನಯವಾಗಿ ತಿಳಿಸಬಹುದು. ಮುಖ ಕಿವುಚಬೇಡಿ. ಮಾಂಸ ತಿನ್ನದವರು ಅದನ್ನು ಗೈಡ್‌ಗೆ ಮೊದಲೇ ಹೇಳಿಟ್ಟಿರಿ.

ಹೆಜ್ಜೆ 7: ಫೋಟೊ

ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಆಮೇಲೆ ಒಬ್ಬೊಬ್ಬರನ್ನೇ ಕೇಳಿ. ಹಟ್ಟಿಗೆ ಹಣ ಕೊಟ್ಟದ್ದು ಪ್ರತಿ ಮುಖಕ್ಕೂ ಅನುಮತಿ ಸಿಕ್ಕಂತಲ್ಲ. ತೆಗೆದದ್ದನ್ನು ತಿರುಗಿಸಿ ತೋರಿಸಿ. ‘ಅಳಿಸು’ ಎಂದರೆ ಅವರೆದುರೇ ಅಳಿಸಿ.

ಹುಡುಗಿಯರ, ಮಕ್ಕಳ ಮೈ ತೆರೆದ ಚಿತ್ರ ತೆಗೆಯಲೇಬೇಡಿ. ತಾಯಿ ಒಪ್ಪಿದರೂ ಆಕೆ ಒಪ್ಪಿದ್ದು ನಿಮ್ಮ ಮುಂದೆ ನಿಲ್ಲಲು, ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನ ಇನ್ನೂರು ಜನರ ಮುಂದೆ ನಿಲ್ಲಲು ಅಲ್ಲ. ಬೆಂಕಿಯ ಚಿತ್ರಕ್ಕೆ ಪ್ರತ್ಯೇಕವಾಗಿ ಕೇಳಿ. ಡ್ರೋನ್ ಬೆಂಗಳೂರಿನಲ್ಲೇ ಬಿಟ್ಟುಬನ್ನಿ, ಅಲ್ಲಿ ಅದಕ್ಕೆ ಬೇರೆ ಪರವಾನಗಿ ಬೇಕು, ದನಗಳೂ ಬೆದರುತ್ತವೆ.

ಹೆಜ್ಜೆ 8: ಕೊಳ್ಳುವುದು, ಹೊರಡುವುದು

ಕೊನೆಗೆ ಹೆಂಗಸರು ಅರ್ಧವೃತ್ತದಲ್ಲಿ ಬಟ್ಟೆ ಹಾಸಿ ತಂತಮ್ಮ ಸರಕು ಇಡುತ್ತಾರೆ: ಬಳೆ, ಸರ, ಮರದ ಬೊಂಬೆ. ನಾನು ಕೊಂಡ ಬಳೆಯ ಮೇಲೆ ಹಾವಿನ ಪೊರೆಯಂಥ ನವಿರಾದ ಗೀರುಚಿತ್ತಾರವಿತ್ತು. ದಂತವೋ ಮೂಳೆಯೋ ಎಂದುಕೊಂಡರೆ, ಅದು ನಲ್ಲಿಯ ಪಿವಿಸಿ ಪೈಪು ಕತ್ತರಿಸಿ ಕೆತ್ತಿದ್ದು, ಒಚೀಜೆ ತಾಗಿ ಕಂದುಬಣ್ಣಕ್ಕೆ ತಿರುಗಿತ್ತು. ‘ನಕಲಿ’ ಎಂದು ಜೊತೆಯವರೊಬ್ಬರು ಕೆಳಗಿಟ್ಟರು. ಆದರೆ ಆ ಕೈಕೆಲಸ ಮಾತ್ರ ಅಸಲಿಯಾಗಿತ್ತು.

ಒಬ್ಬರಲ್ಲೇ ಐದು ಕೊಳ್ಳುವ ಬದಲು ಐವರಲ್ಲಿ ಒಂದೊಂದು ಕೊಳ್ಳಿ. ಚೌಕಾಸಿ ಒಂದು ಮಾತಿಗೆ ನಿಲ್ಲಲಿ. ಎದೆಯ ಮೇಲೆ ತೂಗುವ ದೊಡ್ಡ ಬಿಳಿ ಶಂಖ ‘ಒಹುಂಬಾ’ ಅಥವಾ ಮೈಮೇಲೆ ತೊಟ್ಟ ಹಳೇ ಒಡವೆಗೆ ಬೆಲೆ ಕೇಳಬೇಡಿ. ತಂದ ಹಿಟ್ಟು, ಸಕ್ಕರೆಯನ್ನು ನೀವೇ ಮಕ್ಕಳಿಗೆ ಹಂಚಿ ಫೋಟೊ ತೆಗೆಸಿಕೊಳ್ಳುವುದು ಬೇಡ. ಗೈಡ್ ತೋರಿಸಿದ ಹಿರಿಯರ ಕೈಗೆ ಒಪ್ಪಿಸಿ, ಹಂಚಿಕೆ ಅವರದು. ಎರಡು ಗಂಟೆ ಸಾಕು, ಅವರಿಗೂ ಕೆಲಸವಿದೆ.

ತೆಂಕಣಕ್ಕೆ ವಾಪಸಾಗುವಾಗ ಪಶುರೋಗ ತಡೆಯ ಬೇಲಿ ದಾಟಬೇಕಾಗುತ್ತದೆ, ಅಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ, ಹಸಿ ಮಾಂಸ ಒಯ್ಯುವಂತಿಲ್ಲ. ಅದಕ್ಕಿಂತ ಮೊದಲೇ, ಹಟ್ಟಿ ಬಿಡುವಾಗ, ಒಪುವೊವರೆಗೆ ಬಿಡುತ್ತೀರಾ ಎಂದು ಯಾರಾದರೂ ಕೇಳುವುದುಂಟು. ಆಸ್ಪತ್ರೆಗೋ ಅಂಗಡಿಗೋ ಹೋಗುವವರು. ಬಾಡಿಗೆ ಕಾರಿನ ಸೀಟು ಕೆಂಪಾದೀತು ಎಂದು ಹಿಂಜರಿಯುವ ಬದಲು ಬೆಂಗಳೂರಿನಿಂದಲೇ ಒಂದು ಹಳೇ ಹತ್ತಿ ಚಾದರ ತಂದಿಟ್ಟುಕೊಳ್ಳಿ. ಸೀಟ್‌ಬೆಲ್ಟಿಗೂ ಒಂದು ಟವೆಲ್ ಸುತ್ತಿ. ನಮಗೆ ಅದು ಹೊಳೆದಿರಲಿಲ್ಲ. ವಿಂಡ್‌ಹುಕ್ ತಲುಪಿದ ಮೇಲೆ ಪಾತ್ರೆ ತೊಳೆಯುವ ದ್ರವ, ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಹಿಂದಿನ ಸೀಟು ಉಜ್ಜುತ್ತ ಒಂದೂವರೆ ಗಂಟೆ ಕೂತೆವು. ಬೆಲ್ಟಿನ ಮೇಲಿನ ಒಂದು ಅಂಗೈ ಗುರುತು ಕೊನೆಗೂ ಹೋಗಲಿಲ್ಲ.